ಊರಿಗೆ ಮರಳುವ ದಾರಿ: ಬೆಂಗಳೂರಿನ ಲಾಭ ನಷ್ಟದ ಹಳೆಯ ಲೆಕ್ಕ

ಜಾತ್ರೆಗೋ ಯುಗಾದಿಗೋ ಊರಿಗೆ ಹೋದರೆ ಕಟ್ಟೆ ಮೇಲೆ ಕೂತ ಹಿರಿಯರು ಕೇಳುವುದು ಒಂದೇ ಮಾತು. "ಬೆಂಗಳೂರು ಹೆಂಗೈತೋ ತಮ್ಮಾ? ಇರಾಕ ಚಲೋ ಐತಿ?" ಚಲೋ ಐತಿ ಅಂದರೆ, "ಮತ್ತ ಮಾರಿ ಯಾಕ ಸೊರಗೈತಿ?" ಅಂತಾರೆ. ಚಲೋ ಇಲ್ಲ ಅಂದರೆ, "ಮತ್ಯಾಕ ಅಲ್ಲೇ ಅದಿ? ಬಂದುಬಿಡು" ಅಂತಾರೆ. ಎರಡಕ್ಕೂ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಈ ಪ್ರಶ್ನೆಗೆ ಶಾಲೆಯಲ್ಲಿ ನಾವೆಲ್ಲ ಉತ್ತರ ಬರೆದವರೇ. "ಹಳ್ಳಿಯ ಜೀವನ ಮತ್ತು ಪಟ್ಟಣದ ಜೀವನ" ಎಂಬ ಪ್ರಬಂಧ. ಪಟ್ಟಣದಲ್ಲಿ ಕರೆಂಟು, ನಲ್ಲಿ ನೀರು, ದೊಡ್ಡಾಸ್ಪತ್ರೆ, ಕಾಲೇಜು. ಹಳ್ಳಿಯಲ್ಲಿ ಶುದ್ಧ ಗಾಳಿ, ನೆಮ್ಮದಿ, ಒಗ್ಗಟ್ಟು. ಎರಡೂ ಕಡೆ ನಾಲ್ಕು ನಾಲ್ಕು ಅಂಶ ಬರೆದು, ಕೊನೆಗೆ "ಎರಡೂ ಬೇಕು" ಅಂದರೆ ಹತ್ತಕ್ಕೆ ಏಳು ಅಂಕ. ಯಾರಿಗೆ ಅನುಕೂಲ, ಯಾರಿಗೆ ಅನನುಕೂಲ ಅಂತ ಮೇಷ್ಟ್ರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಬೆಂಗಳೂರಿಗೆ ಜನ ಬಂದು ಸೇರಿದ್ದರ ಬಗ್ಗೆ ಬೇಕಾದಷ್ಟು ಬರಹಗಳಿವೆ. ಜನ ಬೆಂಗಳೂರು ಬಿಟ್ಟು ಹೋದ ದಿನಗಳನ್ನು ನೋಡಿದರೆ ಲೆಕ್ಕ ಹೆಚ್ಚು ಸ್ಪಷ್ಟವಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಬಿಟ್ಟು ಹೊರಡುವಾಗ ಮನುಷ್ಯ ಸುಮ್ಮನೆ ಪ್ರಬಂಧ ಬರೆಯುವುದಿಲ್ಲ. ತನಗೆ ಹೋಗಲು ಜಾಗ ಇದೆಯೋ ಇಲ್ಲವೋ ಅಂತ ನೋಡುತ್ತಾನೆ.

ಅಂಥ ಮೊದಲ ದೊಡ್ಡ ಗುಳೆ 1898ರದ್ದು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಾದಿ ಹಿಡಿದು ಎರಡು ವರ್ಷದಲ್ಲಿ ಬೆಂಗಳೂರಿಗೆ ಬಂತು. ಆಗಿನ ಬೆಂಗಳೂರು ಎಂದರೆ ಎರಡು ಊರು. ಒಂದು ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದು ಇಂಗ್ಲಿಷರ ಆಡಳಿತದ ದಂಡು. ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಚಿಕ್ಕಪೇಟೆ ಅಂತ ಒತ್ತೊತ್ತಾದ ಓಣಿಗಳು. ಮನೆಯ ಗೋಡೆಗೆ ಮನೆಯ ಗೋಡೆ, ಕೆಳಗೆ ಅಂಗಡಿ, ಹಿಂದೆ ಧಾನ್ಯದ ಮೂಟೆ. ಇಲಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ದಿವಾನರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗು ನಿಯಂತ್ರಣದ ಹೊಣೆ ವಿ.ಪಿ. ಮಾಧವರಾವ್ ಅವರದು. ರೈಲು ನಿಲ್ದಾಣದಲ್ಲಿ ತಪಾಸಣೆ, ಕಾಯಿಲೆಯವರಿಗೆ ಬೇರೆ ಶಿಬಿರ, ಸೋಂಕು ತಗುಲಿದ ಮನೆ ಖಾಲಿ ಮಾಡಿಸಿ ಸ್ವಚ್ಛ ಮಾಡುವುದು, ಹೀಗೆ ಕೆಲಸ ನಡೆಯಿತು. ಈ ಕೆಲಸಕ್ಕಾಗಿಯೇ ನಗರದಲ್ಲಿ ಟೆಲಿಫೋನ್ ತಂತಿ ಎಳೆದರು. ಜನರಿಗೆ ರೋಗಕ್ಕಿಂತ ಶಿಬಿರದ ಭಯವೇ ಹೆಚ್ಚು. ಅದೇ ವರ್ಷ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ದಂಗೆಯೇ ಆಯಿತು. ಇತ್ತ ಬೆಂಗಳೂರಿನವರು ಗಂಟು ಕಟ್ಟಿದರು.

ಎಷ್ಟು ಜನ ಹೋದರು ಅನ್ನುವುದು ಜನಗಣತಿಯಲ್ಲಿ ಕಾಣುತ್ತದೆ. 1891ರಲ್ಲಿ ಪೇಟೆ ಮತ್ತು ದಂಡು ಸೇರಿ ಸುಮಾರು 1 ಲಕ್ಷ 80 ಸಾವಿರ ಜನರಿದ್ದರು. 1901ರಲ್ಲಿ ಎಣಿಸಿದಾಗ ಸುಮಾರು 1 ಲಕ್ಷ 59 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಊರು ಕುಗ್ಗಿತ್ತು. ಸತ್ತವರು ಸಾವಿರಾರು. ಆದರೆ ಕಾಣೆಯಾದವರೆಲ್ಲ ಸತ್ತವರಲ್ಲ, ಊರು ಸೇರಿಕೊಂಡವರೂ ಬಹಳ ಜನ.

ಇಲ್ಲೊಂದು ವಿಚಿತ್ರ ನೋಡಿ. ಹೆಸರಘಟ್ಟದಿಂದ ನಲ್ಲಿ ನೀರು ಬೆಂಗಳೂರಿಗೆ ಬಂದದ್ದು 1896ರಲ್ಲಿ. ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹತ್ತಿದ್ದು 1905ರಲ್ಲಿ. ಶಾಲೆಯ ಪ್ರಬಂಧದಲ್ಲಿ ನಾವು ಪಟ್ಟಣದ ಅನುಕೂಲ ಅಂತ ಬರೆದ ನೀರು, ಆಸ್ಪತ್ರೆ, ಕರೆಂಟು ಮೂರೂ ಬಂದ ಹೊತ್ತಿನಲ್ಲೇ ಜನ ಆ ಪಟ್ಟಣ ಬಿಟ್ಟು ಓಡಿದ್ದರು.

ಓಡಿದವರಿಗೆ ಹಳ್ಳಿಯಲ್ಲಿ ನೆಮ್ಮದಿ ಸಿಕ್ಕಿತೇ? ಎಲ್ಲ ಕಡೆ ಇಲ್ಲ. ಪ್ಲೇಗು ಹಳ್ಳಿಗೂ ಬಂತು. ಇಲಿ ಸತ್ತು ಬಿದ್ದರೆ ಇಡೀ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಅಜ್ಜಿಯರ ಬಾಯಲ್ಲಿ ಕೇಳದ ಊರು ನಮ್ಮ ಕಡೆ ಇಲ್ಲ. ಆದರೆ ಗುಡಿಸಲು ಹಾಕಲು ಹೊಲ ಇರಬೇಕಿತ್ತು. ಪೇಟೆಯಲ್ಲಿ ಅದೂ ಇಲ್ಲದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿ ಕೈಮುಗಿದರು. ಆ ಹೆಸರಿನ ಗುಡಿಗಳು ಬೆಂಗಳೂರಿನಲ್ಲಿ ಈಗಲೂ ಇವೆ.

ಕೈಯಲ್ಲಿ ಕಾಸಿದ್ದವರಿಗೆ ಮೂರನೆಯ ದಾರಿ ತೆರೆಯಿತು. ಪ್ಲೇಗಿನ ನಂತರ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಮನೆ ಸುತ್ತ ಖಾಲಿ ಜಾಗ, ಕಕ್ಕಸು ಬಳಿಯುವವರು ಬಂದು ಹೋಗಲು ಮನೆಗಳ ಹಿಂದೆ ಸಣ್ಣ ಓಣಿ. ಸೈಟುಗಳನ್ನು ಜಾತಿವಾರು ಹಂಚುವ ಯೋಜನೆಯೂ ಇತ್ತು. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು, ಅಲ್ಲಿ ಇಲಿ ಹೊಗದಂತೆ ಮನೆ ಕಟ್ಟುವ ಪ್ರಯೋಗವಾಯಿತು. ಇಂದು ಜನ ಹಳೆಯ ಬೆಂಗಳೂರಿನ ಚೆಲುವು ಅಂತ ಹಾಡಿ ಹೊಗಳುವ ಮರಗಳ ಸಾಲು ಈ ಭಯದಿಂದ ಹುಟ್ಟಿದ್ದು. ಆ ಹಿಂದಿನ ಓಣಿಯಲ್ಲಿ ಬಂದು ಹೋಗುತ್ತಿದ್ದವರಿಗೆ ಮಲ್ಲೇಶ್ವರದ ಗಾಳಿ ಎಷ್ಟು ಸಿಕ್ಕಿತು ಅಂತ ಯಾರೂ ಬರೆದಿಟ್ಟಂತಿಲ್ಲ.

1911ರ ಹೊತ್ತಿಗೆ ಜನಸಂಖ್ಯೆ ಮತ್ತೆ 1891ರ ಮಟ್ಟ ದಾಟಿತು. ಆಮೇಲೆ ಊರು ಹಿಂದೆ ನೋಡಲಿಲ್ಲ. 1941ರಲ್ಲಿ 4 ಲಕ್ಷದಷ್ಟಿದ್ದದ್ದು 1951ಕ್ಕೆ 7 ಲಕ್ಷ 80 ಸಾವಿರದ ಹತ್ತಿರ ಬಂತು. ಇದಕ್ಕೆ ಒಂದು ಕಾರಣ ಕಾರ್ಖಾನೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಎಚ್‌ಎಂಟಿ ಮತ್ತು ಬಿಇಎಲ್. ಇವುಗಳಲ್ಲಿ ಕೆಲಸ ಸಿಕ್ಕ ಹಳ್ಳಿಯ ಹುಡುಗನಿಗೆ ಬೆಂಗಳೂರು ನಿಜಕ್ಕೂ ಲಾಭವೇ. ಕ್ವಾರ್ಟರ್ಸು, ಕಂಪನಿ ಬಸ್ಸು, ಕ್ಯಾಂಟೀನು, ಮಕ್ಕಳಿಗೆ ಶಾಲೆ. ನಿವೃತ್ತಿಯಾದಾಗ ಕೈಗೆ ಬರುವ ದುಡ್ಡಿನಲ್ಲಿ ಸೈಟಿನ ಮೇಲೆ ಮನೆ, ಇಲ್ಲವೇ ಊರಲ್ಲಿ ಬೋರ್‌ವೆಲ್. ಮದುವೆ ಮಾತುಕತೆಯಲ್ಲಿ "ಹುಡುಗ ಎಚ್‌ಎಂಟಿ" ಅಂದರೆ ಸಾಕಿತ್ತು. ಬೇಕೆಂದರೆ ಇರಬಹುದು, ಬೇಡವೆಂದರೆ ಊರಿಗೆ ಮರಳಬಹುದು, ಎರಡು ಬಾಗಿಲೂ ತೆರೆದಿದ್ದ ಒಂದು ತಲೆಮಾರು ಅದು. ಹಾಗಂತ ಅದೆಲ್ಲ ಯಾರೋ ದಾನ ಕೊಟ್ಟದ್ದಲ್ಲ. 1980ರ ಕೊನೆಯಲ್ಲಿ ಶುರುವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆದಿತ್ತು.

ಇಷ್ಟು ಹೊತ್ತೂ ನಾನು ಊರಿಗೆ ಮರಳುವುದನ್ನು ಒಂದು ಭಾಗ್ಯ ಅನ್ನುವಂತೆಯೇ ಬರೆದೆ. ಎಲ್ಲರಿಗೂ ಅದು ಹಾಗಲ್ಲ. ಇದನ್ನು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಕವಿ ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಅವರ ಆತ್ಮಕಥೆ "ಊರು ಕೇರಿ"ಯ ಆರಂಭದಲ್ಲಿ ಒಂದು ದೃಶ್ಯವಿದೆ. ಜಮೀನ್ದಾರರ ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ. ಮೂರನೆಯವನು ನೇಗಿಲು ಹಿಡಿದಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ನಮ್ಮ ಪ್ರಬಂಧದಲ್ಲಿ ಹಳ್ಳಿಯ ಕಡೆ ಬರೆದಿದ್ದ "ಒಗ್ಗಟ್ಟು" ಎಂಬ ಪದವನ್ನು ಈ ಹೊಲದ ಬದುವಿನಲ್ಲಿಟ್ಟು ನೋಡಬೇಕು.

ಆ ಕುಟುಂಬ ಬೆಂಗಳೂರಿಗೆ ಬಂತು. ಶ್ರೀರಾಮಪುರದ ಬಡವರ ಬೀದಿ, ಗೋಪಾಲಪುರದ ಹಾಸ್ಟೆಲ್ಲು. ಸದ್ದಿಲ್ಲದೆ ಓದಲು ಜಾಗ ಸಿಗದೆ ಹುಡುಗ ಸ್ಮಶಾನಕ್ಕೆ ಹೋಗಿ ಓದುತ್ತಿದ್ದ. ಪಟ್ಟಣದ ಇಕ್ಕಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೂ ಹಾಸ್ಟೆಲ್ಲು, ಗ್ರಂಥಾಲಯ, ಕಾಲೇಜು, ಭಾಷಣದ ವೇದಿಕೆ, ಗೆಳೆಯರ ಗುಂಪು ಸಿಕ್ಕಿದ್ದು ಅಲ್ಲಿಯೇ. ಅಲ್ಲಿಂದ ಅವರು ದಲಿತ ಚಳವಳಿಯ ಕವಿಯಾದರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿಗೂ ಹೋದರು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಷ್ಟು ಖಾರವಾಗಿ ಟೀಕಿಸಿದಾಗ ಹಲವು ಸದಸ್ಯರಿಗೆ ಬೇಸರವಾಯಿತು. ನೊಗದ ಕಡೆಯಿಂದ ನೋಡಿದವರಿಗೆ ಅದರಲ್ಲಿ ಅತಿಶಯೋಕ್ತಿ ಏನೂ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಜಾತಿ ಇಲ್ಲ ಅಂತಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸು ಎಷ್ಟು ಅನ್ನುವ ಮೊದಲು "ನೀವು ಯಾವ ಜನ?" ಅನ್ನುವ ಪ್ರಶ್ನೆ ಬರುತ್ತದೆ. ಆದರೆ ಅಲ್ಲಿ ಸುಳ್ಳು ಹೇಳಬಹುದು, ಇನ್ನೊಂದು ಬೀದಿಗೆ ಹೋಗಿ ಕೇಳಬಹುದು. ನಮ್ಮೂರಲ್ಲಿ ಇರುವುದೇ ಎರಡು ಬೀದಿ.

ಇನ್ನು ನಮ್ಮ ಕಾಲಕ್ಕೆ ಬರೋಣ. ಕಾರ್ಖಾನೆಗಳ ಕ್ವಾರ್ಟರ್ಸಿನ ಕಾಲ ಮುಗಿದ ಮೇಲೆ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟದ್ದು ಗಾರ್ಮೆಂಟ್ಸ್. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಬೆಳಿಗ್ಗೆ ಎಂಟೂವರೆಗೆ ಹೋಗಿ ನಿಂತರೆ ಗೊತ್ತಾಗುತ್ತದೆ, ಟಿಫನ್ ಡಬ್ಬಿ ಹಿಡಿದು ಬೇಗ ಬೇಗ ನಡೆಯುವ ಸಾಲು. 2016ರಲ್ಲಿ ಅವರ ಸಂಬಳ ತಿಂಗಳಿಗೆ ಏಳೆಂಟು ಸಾವಿರ. ಬಾಡಿಗೆ, ರೇಷನ್ನು, ಮಕ್ಕಳ ಫೀಸು ಕಳೆದರೆ ಉಳಿಯುವುದು ಏನೂ ಇಲ್ಲ. ಉಳಿತಾಯ ಅಂತ ಇದ್ದದ್ದು ಪಿಎಫ್ ಒಂದೇ. ಸಂಬಳದಲ್ಲಿ ಅವರ ಪಾಲು ಶೇ. 12, ಮಾಲೀಕರ ಪಾಲು ಅಷ್ಟೇ. ಕೆಲಸ ಬಿಟ್ಟು ಆ ದುಡ್ಡು ತೆಗೆದು ಸಾಲ ತೀರಿಸುವುದು, ಮಗಳ ಮದುವೆ ಮಾಡುವುದು, ಊರಲ್ಲಿ ಮನೆಗೆ ಶೀಟು ಹೊದಿಸುವುದು ಅವರ ರೂಢಿ.

ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಮುಪ್ಪಿಗೆ ಆಸರೆ ಅನ್ನುವುದು ಸರ್ಕಾರದ ವಾದ. ಓದಲು ಸರಿಯಾಗಿಯೇ ಇದೆ. ಆದರೆ ಗಾರ್ಮೆಂಟ್ಸ್‌ನ ಯಾವ ಹೆಣ್ಣುಮಗಳೂ ಆ ಮಿಷನ್ನಿನ ಮುಂದೆ 58ರವರೆಗೆ ಕೂರುವ ಅಂದಾಜು ಇಟ್ಟುಕೊಂಡಿರುವುದಿಲ್ಲ. ಟಾರ್ಗೆಟ್ಟಿನ ವೇಗ ಹಾಗೆ ಬಿಡುವುದೂ ಇಲ್ಲ. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಮುಂದೆ ನಿಂತು ಕರೆದೊಯ್ದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು, ಮತ್ತು ಎರಡನೆಯ ದಿನವೇ ಸರ್ಕಾರ ನಿಯಮ ವಾಪಸ್ ಪಡೆಯಿತು. ಪತ್ರಿಕೆಗಳು ಅದನ್ನು ಹೆಚ್ಚಾಗಿ ಟ್ರಾಫಿಕ್ ಜಾಮಿನ ಸುದ್ದಿಯಾಗಿ ಬರೆದವು. ನನಗೆ ಅದು ಬೇರೆಯಾಗಿ ಕಾಣುತ್ತದೆ. ಬೆಂಗಳೂರು ತಮಗೆ ಮುಪ್ಪಿನವರೆಗಿನ ಊರಲ್ಲ ಅಂತ ಅವರಿಗೆ ಗೊತ್ತಿತ್ತು. ಊರಿಗೆ ಹೊರಡುವ ದಿನದ ಬುತ್ತಿಗೆ ಯಾರೋ ಬೀಗ ಹಾಕಿದ್ದರು.

ನಾಲ್ಕು ವರ್ಷ ಕಳೆದು 2020 ಬಂತು. ಮಾರ್ಚ್ 25ರಿಂದ ಲಾಕ್‌ಡೌನ್. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸಕ್ಕೆ ಅಂತ ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಕಡೆಯಿಂದ ಗುಳೆ ಬಂದವರು ಶೆಡ್ಡುಗಳಲ್ಲಿ ಸಿಕ್ಕಿಕೊಂಡರು. ಮೇ ಮೊದಲ ವಾರ ಬಸ್ಸು ಬಿಟ್ಟಾಗ ಮೆಜೆಸ್ಟಿಕ್‌ನಲ್ಲಿ ಜನವೋ ಜನ. ಮೊದಲು ಮಾಮೂಲಿಗಿಂತ ಹೆಚ್ಚಿನ ದರ ಕೇಳಿದರು. ಗಲಾಟೆಯಾದ ಮೇಲೆ ಪ್ರಯಾಣ ಉಚಿತವಾಯಿತು. ಅದೇ ವಾರ ಇನ್ನೊಂದು ಸಂಗತಿ ನಡೆಯಿತು. ಬೇರೆ ರಾಜ್ಯದ ಕಾರ್ಮಿಕರಿಗೆ ಬಿಡಬೇಕಿದ್ದ ರೈಲುಗಳನ್ನು, ಕಟ್ಟಡ ನಿರ್ಮಾಣ ಕಂಪನಿಗಳವರ ಜೊತೆ ಸಭೆ ನಡೆಸಿದ ನಂತರ ರಾಜ್ಯ ಸರ್ಕಾರ ಬೇಡ ಅಂದಿತು. ಕೆಲಸ ಶುರುವಾಗುತ್ತದೆ, ಆಳು ಬೇಕು ಅನ್ನುವುದು ಕಾರಣ. ದೇಶವೆಲ್ಲ ಟೀಕಿಸಿದ ಮೇಲೆ ಎರಡೇ ದಿನದಲ್ಲಿ ರೈಲು ಮತ್ತೆ ಬಿಟ್ಟರು. 1898ರಲ್ಲಿ ರೈಲಿನಿಂದ ಇಳಿದವರನ್ನು ತಡೆದು ನೋಡುತ್ತಿದ್ದರು. ಈ ಸಲ ರೈಲು ಹತ್ತುವವರನ್ನೇ ತಡೆದರು.

ಇತ್ತ ಊರಲ್ಲೂ ಹೂವಿನ ಹಾರ ಕಾದಿರಲಿಲ್ಲ. ಎಷ್ಟೋ ಊರುಗಳ ಬಾಯಿಗೆ ಜಾಲಿ ಮುಳ್ಳಿನ ಬೇಲಿ ಬಿತ್ತು. ಬಂದವರನ್ನು ಸರ್ಕಾರಿ ಶಾಲೆಗಳಲ್ಲಿ ಕ್ವಾರಂಟೈನ್ ಇಟ್ಟರು. ಹೊರಗೆ ಬಂದ ಮೇಲೆ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 275 ರೂಪಾಯಿಗೆ ಬದು ಹಾಕಿದರು, ಕೆರೆ ಹೂಳೆತ್ತಿದರು. ಹೊಲ ಇದ್ದವರು ಮುಂಗಾರಿಗೆ ಬಿತ್ತಿ, ಹೇಗೋ ವರ್ಷ ಕಳೆದರು. ಹೊಲ ಇಲ್ಲದವರು ದಸರಾ ಹೊತ್ತಿಗೆ ಮತ್ತೆ ಬೆಂಗಳೂರಿನ ಬಸ್ಸು ಹತ್ತಿದರು. ಸಿದ್ಧಲಿಂಗಯ್ಯನವರು ಮುಂದಿನ ವರ್ಷ, 2021ರ ಜೂನ್ 11ರಂದು, ಅದೇ ಸೋಂಕಿನಿಂದಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಈ ಸಲದ ಜಾತ್ರೆಯಲ್ಲಿ ಕಾಕಾ ಮತ್ತೆ ಅದೇ ಪ್ರಶ್ನೆ ಕೇಳಿದ. ಈ ಕಥೆಯನ್ನೆಲ್ಲ ಅವನಿಗೆ ಹೇಳಿದೆ, ಪ್ಲೇಗಿನಿಂದ ಪಿಎಫ್‌ವರೆಗೆ. ಕೇಳಿಸಿಕೊಂಡು ಎಲೆ ಅಡಿಕೆ ಉಗುಳಿ, ಬೆಂಗಳೂರಿನ ವಿಷಯ ಅಲ್ಲಿಗೇ ಬಿಟ್ಟು, ತಮ್ಮ ಎರಡೆಕರೆ ಹೊಲದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅದನ್ನು ಬದಲಿಸಲು ನಾಡಕಚೇರಿಗೆ ಯಾವಾಗ ಹೋಗೋಣ ಅಂತ ಕೇಳಿದ.