ಮಿದುಳಿಗೆ ಕಳಿಸಿದ ವಂಶವಾಹಿ: ಮೂರ್ಛೆರೋಗದ ಹೊಸ ಚಿಕಿತ್ಸೆ ನಡೆದು ಬಂದ ದಾರಿ

ಮೂರ್ಛೆರೋಗಕ್ಕೆ 1912ರಲ್ಲಿ ಫಿನೊಬಾರ್ಬಿಟಾಲ್ ಬಂತು, 1938ರಲ್ಲಿ ಫಿನೈಟಾಯಿನ್. ಆಮೇಲೆ ಔಷಧಿಗಳು ಸಾಲುಸಾಲಾಗಿ ಬಂದವು. ಆದರೂ ಜಗತ್ತಿನ ಸುಮಾರು 5 ಕೋಟಿ ರೋಗಿಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜನರಿಗೆ ಯಾವ ಮಾತ್ರೆ ನುಂಗಿದರೂ ಫಿಟ್ಸ್ ನಿಲ್ಲದು. ಕೆಲವರಿಗೆ ಶಸ್ತ್ರಚಿಕಿತ್ಸೆ ಒದಗುತ್ತದೆ. ನಮ್ಮ ನಿಮ್ಹಾನ್ಸ್‌ನಲ್ಲೂ ಅದು ನಡೆಯುತ್ತದೆ. ಆದರೆ ಫಿಟ್ಸ್ ಹುಟ್ಟುವ ಜಾಗದಲ್ಲೇ ಮಾತೋ ಕೈಚಲನೆಯೋ ನೆಲೆಸಿದ್ದರೆ ಕತ್ತರಿ ಹಾಕುವಂತಿಲ್ಲ. ವಂಶವಾಹಿ ಚಿಕಿತ್ಸೆಯ ಆಸೆ ಚಿಗುರಿದ್ದು ಈ ಇಕ್ಕಟ್ಟಿನಲ್ಲಿ.

ಮೊದಮೊದಲು ಸಂಶೋಧಕರು ನೆಚ್ಚಿದ್ದು ನರಕೋಶಗಳ ಉದ್ರೇಕ ತಗ್ಗಿಸಲು ಮಿದುಳೇ ತಯಾರಿಸಿಕೊಳ್ಳುವ ಪೆಪ್ಟೈಡ್‌ಗಳನ್ನು. 2003ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದವರು ಗ್ಯಾಲನಿನ್ ವಂಶವಾಹಿಯನ್ನು ಎಎವಿ ಎಂಬ, ರೋಗ ತಾರದ ವೈರಸ್ಸಿನಲ್ಲಿಟ್ಟು ಇಲಿಗಳ ಮಿದುಳಿಗೆ ಸೇರಿಸಿದರು, ಫಿಟ್ಸ್ ತಗ್ಗಿತು. ಮರುವರ್ಷ ನ್ಯೂರೋಪೆಪ್ಟೈಡ್ ವೈ ಕೂಡ ಇಲಿಗಳಲ್ಲಿ ಫಲ ಕೊಟ್ಟಿತು.

2012ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡಿಮಿಟ್ರಿ ಕುಲ್‌ಮನ್ ಮತ್ತು ಸಂಗಡಿಗರು ಇಲಿಗಳ ನರಕೋಶಗಳಿಗೆ ಹೆಚ್ಚುವರಿ ಪೊಟ್ಯಾಸಿಯಂ ಚಾನೆಲ್ ಕೂಡಿಸಿ ಅವುಗಳ ಉದ್ರೇಕವನ್ನು ಇಳಿಸಿದರು. ಆದರೆ ಈ ಬ್ರೇಕು ಹಗಲಿರುಳೂ ಒತ್ತಿಯೇ ಇರುತ್ತದೆ, ಆರೋಗ್ಯವಂತ ಕೋಶದ ಮೇಲೂ. ಮಾತ್ರೆಯನ್ನಾದರೆ ನಿಲ್ಲಿಸಬಹುದು, ಒಮ್ಮೆ ಸೇರಿದ ವಂಶವಾಹಿಯನ್ನು ಹಿಂದಕ್ಕೆ ತೆಗೆಯಲಾಗದು. ಹಾಗಾಗಿ ಅದೇ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಕೆಲಸವೇ ಈ ಕ್ಷೇತ್ರದ ನಿಜವಾದ ತಿರುವು ಎಂದು ನನಗನಿಸುತ್ತದೆ. ಕೋಶ ಅತಿಯಾಗಿ ಉದ್ರೇಕಗೊಂಡಾಗ ತಾನಾಗಿ ಎಚ್ಚರಗೊಳ್ಳುವ ಸಿ-ಫಾಸ್ ವಂಶವಾಹಿಯ ಸ್ವಿಚ್ಚಿಗೆ ಅವರು ಪೊಟ್ಯಾಸಿಯಂ ಚಾನೆಲ್ಲನ್ನು ಜೋಡಿಸಿದರು. ಫಿಟ್ಸ್‌ನಲ್ಲಿ ಪಾಲುಗೊಂಡ ಕೋಶದಲ್ಲಷ್ಟೇ ಚಾನೆಲ್ ತಯಾರಾಗುತ್ತದೆ. ಕೋಶ ಶಾಂತವಾದರೆ ತಯಾರಿಕೆಯೂ ನಿಲ್ಲುತ್ತದೆ.

ಹುಟ್ಟಿನಿಂದಲೇ ವಂಶವಾಹಿ ಕೆಟ್ಟಿರುವ ಮಕ್ಕಳ ಕಥೆ ಬೇರೆ. ಎಳವೆಯಲ್ಲೇ ಶುರುವಾಗುವ ತೀವ್ರ ಮೂರ್ಛೆರೋಗ ಡ್ರಾವೆ ಸಿಂಡ್ರೋಮಿನ ಹಿಂದೆ ಎಸ್‌ಸಿಎನ್1ಎ ವಂಶವಾಹಿಯ ದೋಷವಿರುವುದು 2001ರಲ್ಲಿ ತಿಳಿಯಿತು. ಸರಿಯಾದ ಪ್ರತಿಯನ್ನೇ ಕಳಿಸೋಣವೆಂದರೆ ಅದರ ಉದ್ದ ಸುಮಾರು 6,000 ಅಕ್ಷರ. ಎಎವಿ ಹೊರಬಲ್ಲದ್ದು ಸುಮಾರು 4,700. ಆದ್ದರಿಂದ ಮಗುವಿನಲ್ಲಿ ಉಳಿದಿರುವ ಒಳ್ಳೆಯ ಪ್ರತಿಯನ್ನೇ, ಉದ್ರೇಕ ತಡೆಯುವ ಕೋಶಗಳಲ್ಲಿ ಮಾತ್ರ, ಚುರುಕುಗೊಳಿಸುವ ಪ್ರೋಟೀನಿನ ವಂಶವಾಹಿಯನ್ನು ಕಳಿಸುವ ಉಪಾಯ ಹೂಡಿದ್ದಾರೆ. ಇದರ ಪ್ರಯೋಗ ಮಕ್ಕಳಲ್ಲಿ ಶುರುವಾಗಿದೆ.

ವಯಸ್ಕರಲ್ಲಿ ಟೆಂಪೊರಲ್ ಲೋಬ್ ಮೂರ್ಛೆರೋಗಕ್ಕೆ ಗ್ಲುಟಮೇಟ್ ಗ್ರಾಹಕವೊಂದನ್ನು ತಗ್ಗಿಸುವ ಚಿಕಿತ್ಸೆ 2024ರಲ್ಲಿ ಅಮೆರಿಕದಲ್ಲಿ ಮೊದಲ ರೋಗಿಗೆ ಸಿಕ್ಕಿತು. ಇಂಥವರಲ್ಲಿ ಚಿಕಿತ್ಸೆ ಕೈಕೊಟ್ಟರೂ ಆ ಭಾಗವನ್ನು ಕತ್ತರಿಸಿ ತೆಗೆಯುವ ದಾರಿ ಹಲವರಿಗೆ ಉಳಿದಿರುತ್ತದೆ. ಇಡೀ ಮಿದುಳಿಗೆ ವಂಶವಾಹಿ ಸೇರಬೇಕಾದ ಮಕ್ಕಳಿಗೆ ಆ ದಾರಿ ಇಲ್ಲ. ಎಸ್‌ಟಿಎಕ್ಸ್‌ಬಿಪಿ1 ಎಂಬ ಇನ್ನೊಂದು ವಂಶವಾಹಿಯ ದೋಷಕ್ಕೆ ರಕ್ತನಾಳದ ಮೂಲಕ ಕೊಟ್ಟ ಚಿಕಿತ್ಸೆಯಲ್ಲಿ, ಅದನ್ನು ಪಡೆದ ಮೊದಲ ಮಗುವೇ 2025ರಲ್ಲಿ ತೀರಿಕೊಂಡಿತು; ಆ ಪ್ರಯೋಗವನ್ನು ತಡೆಹಿಡಿಯಲಾಯಿತು.