ಶ್ರೀರಂಗಪಟ್ಟಣದ ಬಂದೂಕುಗಳು ಎಲ್ಲಿ ಹೋದವು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕೋಟೆ ಬಿದ್ದ ಮೇಲೆ ಇಂಗ್ಲಿಷರು ಅಲ್ಲಿ ಕೂತು ಬರೆದ ಲೆಕ್ಕವನ್ನು ಓದಿದವರು ಮಾತ್ರ ಕಡಿಮೆ. 929 ಫಿರಂಗಿಗಳು, ಅವುಗಳಲ್ಲಿ 287 ಕೋಟೆಯ ಮೇಲೆಯೇ ಹೂಡಿದ್ದವು. ಫಿರಂಗಿ ಎರಕ ಹೊಯ್ಯುವ ಕಾರ್ಖಾನೆಗಳು, ನಳಿಗೆ ಕೊರೆಯುವ ಯಂತ್ರಗಳು, ಮದ್ದಿನ ಮನೆಗಳು. ಇವುಗಳ ಜೊತೆ ಕೋವಿ, ತುಪಾಕಿಗಳೆಲ್ಲ ಸೇರಿ ಸುಮಾರು 99,000. ಲಕ್ಷಕ್ಕೆ ಒಂದೇ ಸಾವಿರ ಕಡಿಮೆ!

ಇಷ್ಟೊಂದು ಬಂದೂಕುಗಳು ಎಲ್ಲಿ ಹೋದವು? ಇಂದು ಟಿಪ್ಪುವಿನ ಬಂದೂಕು ಎಂದು ಹೆಸರು ಹೊತ್ತು ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವವು, ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವವು ಬಹುಪಾಲು ಬೆಳ್ಳಿಯ ಕಟ್ಟು, ಚಿನ್ನದ ಗೆರೆ, ಹುಲಿಯ ಮುಖವಿದ್ದವು. ಅಂದರೆ ಅರಸನ ಖಾಸಾ ಶಸ್ತ್ರಾಗಾರದಿಂದ ಅಧಿಕಾರಿಗಳ ಪಾಲಿಗೆ ಬಂದವು ಅಥವಾ ಸಿಪಾಯಿಗಳು ಕಂಕುಳಲ್ಲಿ ಅಡಗಿಸಿಕೊಂಡು ಹೋದವು. ಮೈಸೂರಿನ ಸಾಮಾನ್ಯ ಕಾಲಾಳು ಹೆಗಲಿಗೇರಿಸಿದ್ದ ಸಾದಾ ಕೋವಿಯನ್ನು ಯಾರೂ ಪ್ರೀತಿಯಿಂದ ಹಡಗಿಗೇರಿಸಲಿಲ್ಲ. ಸಂಗ್ರಾಹಕನ ಕಣ್ಣು ಮೊದಲು ಹೋಗುವುದು ಹೊಳಪಿನ ಕಡೆಗೆ. ಹಾಗಾಗಿ ಉಳಿದ ವಸ್ತುಗಳನ್ನಷ್ಟೇ ನೋಡಿ ಇತಿಹಾಸ ಬರೆದರೆ ಮೈಸೂರಿನ ಸೈನ್ಯವೆಲ್ಲ ಚಿನ್ನದ ಬಂದೂಕು ಹಿಡಿದಿತ್ತು ಎಂದು ಬರೆಯಬೇಕಾದೀತು.

ಹಾಗೆಂದು ಸಂಗ್ರಾಹಕರನ್ನು ಬರೀ ಕೊಳ್ಳೆಯ ವಾರಸುದಾರರೆಂದು ತಳ್ಳಿಹಾಕುವುದು ನಮಗೆ ಸರಿ ಕಾಣುವುದಿಲ್ಲ. ಈ ಬಂದೂಕುಗಳ ಬಗ್ಗೆ ಗಂಭೀರವಾದ ಪುಸ್ತಕವೊಂದು ಬಂದಿದ್ದು ವಿಶ್ವವಿದ್ಯಾಲಯದಿಂದಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಆಯುಧಗಳ ವ್ಯಾಪಾರ ಮತ್ತು ಸಂಗ್ರಹದಲ್ಲಿ ತೊಡಗಿದ್ದ ರಾಬಿನ್ ವಿಗಿಂಗ್ಟನ್ ಅವರಿಂದ. 1783ರಿಂದ 1799ರವರೆಗಿನ ಟಿಪ್ಪುವಿನ ಬಂದೂಕುಗಳನ್ನು ಕುರಿತ ಅವರ ಗ್ರಂಥ 1992ರಲ್ಲಿ ಪ್ರಕಟವಾಯಿತು. ಒಂದೊಂದು ಬಂದೂಕಿನ ಮೇಲಿನ ಮುದ್ರೆ, ಇಸವಿ, ತಯಾರಕನ ಹೆಸರುಗಳನ್ನು ಅವರು ಕೂಡಿಹಾಕಿದರು. ಆದರೆ ಖಾಸಗಿ ಸಂಗ್ರಹಕ್ಕೆ ಆಯಸ್ಸು ಇರುವುದು ಒಡೆಯನ ಕೈ ಇರುವ ತನಕ. 2005ರಲ್ಲಿ ಆ ಸಂಗ್ರಹ ಲಂಡನ್ನಿನ ಸೋದೆಬಿಯವರ ಹರಾಜಿಗೆ ಬಂದು ಚೆದುರಿತು.

ಆ ಮುದ್ರೆಗಳಲ್ಲಿ ಏನಿದೆ? ನಮಗೆ ಮುಖ್ಯವಾದ ವಿಷಯವೇ ಅದು. ನಳಿಗೆಯ ಮೇಲೆ ಹುಲಿಪಟ್ಟೆಯ ಆಕಾರದಲ್ಲಿ ‘ಹೈದರ್’ ಎಂಬ ಅಕ್ಷರಗಳ ಮುದ್ರೆ, ಎಷ್ಟೋ ಬಂದೂಕುಗಳಲ್ಲಿ ‘ಸರ್ಕಾರೆ ಖುದಾದಾದ್’ ಎಂಬ ಬರಹ, ತಯಾರಾದ ಊರು ‘ಪಟನ್’ ಅಂದರೆ ನಮ್ಮ ಶ್ರೀರಂಗಪಟ್ಟಣ. ಇಸವಿ ಇರುವುದು ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯಲ್ಲಿ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. 1224 ಎಂಬುದು ನಮ್ಮ ಕಣ್ಣಿಗೆ 4221 ಎಂದು ಕಾಣುತ್ತದೆ. ಗೊತ್ತಿಲ್ಲದವರು ಮೋಸಹೋಗುವುದು ಸಹಜ. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿಯುವುದು ಕುಶಲಕರ್ಮಿಗಳ ಹೆಸರು. ಅಸದ್ ಖಾನ್ ಮುಹಮ್ಮದ್, ಸಯ್ಯಿದ್ ಮಾಸೂಮ್. ಅರಸರ, ದಳವಾಯಿಗಳ ಹೆಸರಿನಿಂದಲೇ ತುಂಬಿರುವ ನಮ್ಮ ಚರಿತ್ರೆಯಲ್ಲಿ ಕುಲುಮೆಯ ಮುಂದೆ ಕೂತವನ ಹೆಸರು ಉಳಿದಿರುವುದು ಅಪರೂಪ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿ ಕೇಳಿದ್ದರಲ್ಲಿ ಕಸಬುದಾರರೂ ಸೇರಿದ್ದರು. ಫ್ರೆಂಚ್ ಕೆಲಸಗಾರರು ಬಂದದ್ದೂ ಉಂಟು. ಆದರೆ ಈ ಬಂದೂಕುಗಳ ಮೇಲೆ ಸಹಿ ಹಾಕಿದವರು ಇಲ್ಲಿಯವರು.

ಆ ಹೆಸರು ಉಳಿಯುವುದೂ ಅಳಿಯುವುದೂ ದುರಸ್ತಿ ಮಾಡುವವನ ಕೈಯಲ್ಲಿದೆ. ಹಳೆಯ ನಳಿಗೆ ಕೈಗೆ ಸಿಕ್ಕೊಡನೆ ಉಪ್ಪುಕಾಗದ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡುವ ಚಪಲ ಅನೇಕರಿಗೆ. ಬಿದರಿ ಕೆಲಸದಲ್ಲಿ ಲೋಹವನ್ನು ಕೆತ್ತಿ ಬೆಳ್ಳಿಯನ್ನು ಒಳಗೆ ಕೂಡಿಸುತ್ತಾರೆ, ಕುಫ್ತಗರಿಯಲ್ಲಿ ಹಾಗಲ್ಲ. ಉಕ್ಕಿನ ಮೈಯನ್ನು ನವಿರಾಗಿ ಗೀರಿ ಒರಟು ಮಾಡಿ ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಅಂಟಿಸಿರುತ್ತಾರೆ. ಒಮ್ಮೆ ಜೋರಾಗಿ ತಿಕ್ಕಿದರೆ ಸಯ್ಯಿದ್ ಮಾಸೂಮರ ಹೆಸರು ಬಟ್ಟೆಗೆ ಅಂಟಿ ಬರುತ್ತದೆ! ಬಲ್ಲವರು ಹಬ್ಬುತ್ತಿರುವ ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಾಕಿ ಮೆಲ್ಲಗೆ ಬಿಡಿಸುತ್ತಾರೆ. ಕಪ್ಪಗೆ ಗಟ್ಟಿಯಾಗಿ ನಿಂತ ಹಳೆಯ ಪೊರೆಯನ್ನು ಮುಟ್ಟುವುದಿಲ್ಲ. ಮೇಲೆ ತೆಳುವಾಗಿ ಮೇಣ ಸವರಿ ಗಾಳಿಯ ತೇವದಿಂದ ಕಾಪಾಡುತ್ತಾರೆ. ಇದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಗಜವನ್ನು ನಳಿಗೆಯೊಳಗೆ ಇಳಿಸಿ ಆಳವನ್ನು ಹೊರಗಿನ ಉದ್ದದೊಂದಿಗೆ ಹೋಲಿಸಿ ನೋಡಬೇಕು. ಎರಡು ಶತಮಾನದ ಹಿಂದೆ ಮದ್ದು ತುಂಬಿಸಿ ಮರೆತ ಬಂದೂಕು ಇಂದಿಗೂ ಜೀವ ತೆಗೆಯಬಲ್ಲದು.

ಇನ್ನೊಂದು ತಕರಾರು ಚಕಮಕಿಯದು. ಹತ್ತೊಂಬತ್ತನೇ ಶತಮಾನದಲ್ಲಿ ಎಷ್ಟೋ ಚಕಮಕಿ ಬಂದೂಕುಗಳ ಕುದುರೆ, ರಂಜಕದ ಬಟ್ಟಲು ಕಿತ್ತು, ತೋಟಾದ ಟೋಪಿ ಹೊಡೆಯುವ ಹೊಸ ಬಗೆಗೆ ಬದಲಾಯಿಸಿದರು. ಈಗಿನ ಕೆಲವು ವ್ಯಾಪಾರಿಗಳು ಮತ್ತೆ ಚಕಮಕಿಯ ಭಾಗಗಳನ್ನು ಹೊಸದಾಗಿ ಮಾಡಿಸಿ ಜೋಡಿಸುತ್ತಾರೆ, ಬೆಲೆ ಏರುತ್ತದೆ. ಆದರೆ ಆ ಬಂದೂಕು ನಡುವೆ ಬಾಳಿದ ಐವತ್ತು, ಅರವತ್ತು ವರ್ಷದ ಬದುಕು ಅಳಿಸಿಹೋಗುತ್ತದೆ. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಟಿಪ್ಪುವಿನದೆನ್ನಲಾದ ಬೆಳ್ಳಿ ಕಟ್ಟಿನ ಬಂದೂಕೊಂದು 60,000 ಪೌಂಡಿಗೆ ಹರಾಜಾಯಿತು. ಅದಕ್ಕೆ ಗುಂಡೇಟಿನ ಗಾಯವಿದೆ, ಯುದ್ಧದಲ್ಲೇ ಆದದ್ದಿರಬಹುದು ಎಂದು ಹರಾಜಿನವರು ಹೇಳಿಕೊಂಡರು. ನಿಜವೋ ವ್ಯಾಪಾರದ ಮಾತೋ, ಯಾರಾದರೂ ಉತ್ಸಾಹದಿಂದ ಆ ಗಾಯವನ್ನು ಮುಚ್ಚಿ ನಯ ಮಾಡಿದ್ದರೆ ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಇಂಗ್ಲೆಂಡಿನ ಅಟ್ಟಗಳಲ್ಲಿ ಸಿಗುವ ಬಂದೂಕು ನಮ್ಮ ಅಟ್ಟಗಳಲ್ಲಿ ಏಕೆ ಸಿಗುವುದಿಲ್ಲ ಎಂದು ಕೇಳಬಹುದು. 1857ರ ನಿಶ್ಶಸ್ತ್ರೀಕರಣ ಕಾಯ್ದೆ, ಆಮೇಲೆ 1878ರ ಶಸ್ತ್ರಾಸ್ತ್ರ ಕಾಯ್ದೆ ಮನೆಮನೆಯ ಆಯುಧದ ಮೇಲೆ ಕೈಯಿಟ್ಟವು. ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು 1857ರ ನವೆಂಬರಿನಲ್ಲಿ ತಿರುಗಿಬಿದ್ದರು. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಅವರ ಕಥೆ ಲಾವಣಿಯಲ್ಲಿ ಉಳಿಯಿತು, ಕೋವಿಗಳು ಉಳಿಯಲಿಲ್ಲ. ಕೊಡಗಿನ ಮಾತು ಬೇರೆ. ಅಲ್ಲಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಹಳೆಯ ಆಯುಧ ತಾನಾಗಿ ಉಳಿದೀತು.

ಮಿಕ್ಕವರಿಗೆ 1959ರ ಕಾಯ್ದೆಯಿದೆ. ಪುರಾತನ ಬಂದೂಕಿಗೆ ಅದು ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಮಾತ್ರ. ಗುಂಡು ಹಾರುವಂತೆ ಸರಿಪಡಿಸಲು ಹೊರಟವನಿಗೆ ಆ ರಕ್ಷಣೆ ಸಿಗುವುದಿಲ್ಲ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯಂತೆ ಪುರಾವಸ್ತು; ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಈ ಎರಡೂ ನಿಯಮಗಳು ಒಳ್ಳೆಯವೇ ಎಂದು ನಮ್ಮ ಅಭಿಪ್ರಾಯ. ತೊಂದರೆಯೆಂದರೆ, ಪೊಲೀಸರ ಭಯದಿಂದ ಅಜ್ಜನ ಕಾಲದ ತುಕ್ಕು ನಳಿಗೆಯನ್ನು ರಾತ್ರೋರಾತ್ರಿ ಗುಜರಿಗೆ ಹಾಕುವವರಿಗೆ ಇದನ್ನು ತಿಳಿಸಿ ಹೇಳುವವರಿಲ್ಲ.

ಸಾದಾ ಸಿಪಾಯಿಯ ಆಯುಧ ನಮ್ಮ ನೆಲದಲ್ಲೇ ಸಿಕ್ಕ ಉದಾಹರಣೆಯೂ ಒಂದಿದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಿಂದ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಚಿನ್ನವಿಲ್ಲ, ಹುಲಿಯಿಲ್ಲ, ಒಂದು ಗೇಣಿಗಿಂತ ತುಸು ಉದ್ದದ ಕೊಳವೆಗಳು, ಹಲವದರೊಳಗೆ ಮದ್ದು ಹಾಗೇ ಇತ್ತು. ಇಂಥವನ್ನೇ ಇಂಗ್ಲೆಂಡಿಗೆ ಒಯ್ದು ನೋಡಿದ ಮೇಲೆ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ಬಾವಿಯ ಕೆಸರಿನಿಂದ ಎದ್ದ ಕಬ್ಬಿಣ ಗಾಳಿಗೆ ಬಂದೊಡನೆ ಕೊಳೆಯತೊಡಗುತ್ತದೆ. ಅವುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಬಿಡ್ ಕೂಗುವವರಿಲ್ಲದ ಆ ಸಾವಿರ ಕೊಳವೆಗಳಿಗೆ ಮಲೆನಾಡಿನ ಮಳೆಗಾಲದ ತೇವ ತಾಗದಂತೆ ನೋಡಿಕೊಳ್ಳುವ ಕೆಲಸ ಈಗ ಆ ಸಂಗ್ರಹಾಲಯದ್ದು.