ಮುದಗಲ್ಲಿನ ಕ್ರೈಸ್ತಸಭೆಯೂ ಎಡೆದೊರೆನಾಡಿನ ಕಾಲಪರಿವರ್ತನಗಳೂ

ಎಡೆದೊರೆಯೆಂದು ನಮ್ಮ ಶಾಸನಗಳಲ್ಲಿ ಪ್ರಸಿದ್ಧವಾದ ಕೃಷ್ಣಾ-ತುಂಗಭದ್ರೆಗಳ ಮಧ್ಯದೇಶವು ಚರಿತ್ರಗ್ರಂಥಗಳಲ್ಲಿ ರಣರಂಗವಾಗಿಯೇ ವರ್ಣಿತವಾಗಿರುವುದು. ಆದರೆ ಈ ನಾಡು ಧರ್ಮೋಪದೇಶಕ್ಕೂ ಪ್ರಾಚೀನಕ್ಷೇತ್ರವು. ೧೯೧೫ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನವು ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದುದಲ್ಲದೆ, ಧರ್ಮದ ಫಲವು ಅಲ್ಪರಿಗೂ ಮಹಾತ್ಮರಿಗೂ ಸಮಾನವಾಗಿ ಲಭ್ಯವೆಂದು ಸಾರುವುದು. ಇದೇ ನಾಡಿನ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಮುದಗಲ್ಲಿನಲ್ಲಿ ಪುರಾತನವಾದ ರೋಮನ್ ಕೆಥೊಲಿಕ್ ಸಭೆಯೊಂದುಂಟು. ಅದರ ವಿಚಾರವೇ ಪ್ರಕೃತ ಲೇಖನದ ವಿಷಯವು.

ಫ್ರಾನ್ಸಿಸ್ ಜೇವಿಯರನು ಗೋವೆಗೆ ಬಂದುದು ೧೫೪೨ರಲ್ಲಿ, ತೀರಿಕೊಂಡುದು ೧೫೫೨ರಲ್ಲಿ. ಅವನ ಪರಂಪರೆಯ ಪಾದ್ರಿಯೊಬ್ಬನಿಂದ ಮುದಗಲ್ಲಿನ ಸಭೆಯು ಸ್ಥಾಪಿತವಾಯಿತೆಂದೂ, ೧೫೫೭ಕ್ಕೆ ಮೊದಲೇ ಇಗರ್ಜಿಯು ನಿರ್ಮಿತವಾಯಿತೆಂದೂ, ಬಿಜಾಪುರದ ಸುಲ್ತಾನರು ಅದಕ್ಕೆ ಉಂಬಳಿಯಿತ್ತರೆಂದೂ ಐತಿಹ್ಯವು. ದಾನಿಯು ಒಂದನೆಯ ಅಲಿ ಆದಿಲಶಾಹನೆಂದು ಹೇಳುವುದಾದರೆ ಕಾಲವು ಹೊಂದುವುದಿಲ್ಲ; ಅವನು ಪಟ್ಟಕ್ಕೆ ಬಂದುದು ೧೫೫೮ರ ಸುಮಾರಿಗೆ. ಅದಕ್ಕೆ ಮುಂಚೆ ಆಳುತ್ತಿದ್ದವನು ಅವನ ತಂದೆಯಾದ ಇಬ್ರಾಹಿಮನು. ಗೋವೆಯ ಪಾದ್ರಿಗಳು ಅಲಿಯ ಆಸ್ಥಾನಕ್ಕೆ ೧೫೬೧ರಲ್ಲಿ ಹೋಗಿದ್ದುದು ಪ್ರಸಿದ್ಧವಾಗಿದೆ. ಆದುದರಿಂದ ಸಭೆಯ ಆರಂಭವೂ ಉಂಬಳಿಯ ದಾನವೂ ಭಿನ್ನಕಾಲದ ಎರಡು ಸಂಗತಿಗಳಾಗಿದ್ದು, ಜನಸ್ಮೃತಿಯಲ್ಲಿ ಒಂದಾಗಿ ಬೆರೆತಿರಬಹುದೆಂದು ನಮ್ಮ ಅಭಿಪ್ರಾಯವು. ಇದರಿಂದ ಐತಿಹ್ಯಕ್ಕೆ ಬಾಧೆಯಿಲ್ಲ. ಅದರ ಅರ್ಥವು ಶೋಧಿತವಾಗುವುದು, ಅಷ್ಟೆ.

ಮುಂದೆ ಈ ನಾಡಿನ ಒಡೆತನವು ಮೇಲಿಂದ ಮೇಲೆ ಬದಲಾಯಿತು. ೧೬೮೬ರಲ್ಲಿ ಬಿಜಾಪುರವು ಮೊಗಲರ ವಶವಾಯಿತು. ೧೭೨೪ರ ಬಳಿಕ ನಿಜಾಮರ ಆಳ್ವಿಕೆಯು ನೆಲೆಗೊಂಡಿತು. ೧೮೫೩ರಿಂದ ೧೮೬೦ರ ವರೆಗೆ ದೋಆಬು ಇಂಗ್ಲಿಷರ ಕೈಯಲ್ಲಿದ್ದು ಪುನಃ ನಿಜಾಮರಿಗೆ ಸೇರಿತು. ೧೯೪೮ರಲ್ಲಿ ಹೈದರಾಬಾದು ಭಾರತದೊಡನೆ ಕೂಡಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಧರ್ಮಾಧಿಕಾರವೂ ಸ್ಥಿರವಾಗಿರಲಿಲ್ಲ. ೧೭೫೯ರಲ್ಲಿ ಜೆಸ್ಯುಟರು ಪೋರ್ತುಗೀಜ್ ರಾಜ್ಯದಿಂದ ಬಹಿಷ್ಕೃತರಾದರು. ೧೭೭೩ರಲ್ಲಿ ಪೋಪನೇ ಅವರ ಸಂಘವನ್ನು ವಿಸರ್ಜಿಸಿದನು. ಅದು ಮತ್ತೆ ಸ್ಥಾಪಿತವಾದುದು ೧೮೧೪ರಲ್ಲಿ. ಈಗ ಮುದಗಲ್ಲು ೧೯೪೯ರಲ್ಲಿ ಏರ್ಪಟ್ಟ ಬಳ್ಳಾರಿಯ ಧರ್ಮಪ್ರಾಂತಕ್ಕೆ ಸೇರಿದೆ. ಕೊಟ್ಟ ದೊರೆಯ ವಂಶವಳಿದರೂ, ಕಳುಹಿಸಿದ ಸಂಘವೇ ಕರಗಿದರೂ, ಸಭೆಯು ಉಳಿಯಿತು. ಉಂಬಳಿಯೊಂದೇ ಧರ್ಮವನ್ನು ಕಾಪಾಡುವುದಾಗಿದ್ದರೆ ಈ ನಾಡಿನ ಎಷ್ಟೋ ಅಗ್ರಹಾರಗಳೂ ಬಸದಿಗಳೂ ಹಾಳುಬೀಳುತ್ತಿರಲಿಲ್ಲ. ಕಾಪಾಡಿದವರು ಮನೆಮನೆಯ ಒಕ್ಕಲುಗಳೇ.

ಇಲ್ಲಿಯ ಉಪದೇಶಕನ ಬಾಳು ಹಬ್ಬಗಳ ಪಟ್ಟಿಗಿಂತ ಮಳೆಬೆಳೆಗಳನ್ನೇ ಹೆಚ್ಚಾಗಿ ಅನುಸರಿಸಬೇಕಾಗುವುದು. ೧೮೭೬-೭೮ರ ಕ್ಷಾಮವು ಈ ಸೀಮೆಯನ್ನು ಘೋರವಾಗಿ ಪೀಡಿಸಿತು. ಮಳೆ ತಪ್ಪಿದರೆ ಬಡವರು ಗುಳೆ ಹೋಗುವರು. ಆಗ ಗುಡಿಯಾಗಲಿ ಮಠವಾಗಲಿ ಇಗರ್ಜಿಯಾಗಲಿ ಬರಿದಾಗುವುದು. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿಡಲ್ಪಟ್ಟ ಮೇಲೆ ಸಿಂಧನೂರಿನ ಸೀಮೆಯಲ್ಲಿ ಬತ್ತದ ಗದ್ದೆಗಳಾದುವು. ತೆಲುಗು ಮಾತಿನ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಒಂದೇ ಜಿಲ್ಲೆಯಲ್ಲಿ ಒಣಭೂಮಿಯ ಜನವು ಹೊರಹೋಗುತ್ತಿರಲು ನೀರಾವರಿಯ ಭೂಮಿಗೆ ಪರಸ್ಥಳದವರು ಬರುವರು. ಇಂತಹ ಊರುಗಳಲ್ಲಿ ಯಾವ ಮತದ ಬೋಧಕನಾದರೂ ಎರಡು ನುಡಿಗಳನ್ನೂ ಎರಡು ಬಗೆಯ ಕಷ್ಟಗಳನ್ನೂ ಅರಿಯಬೇಕು.

ಸಾಹಿತ್ಯವನ್ನು ಬೋಧಿಸುವವರಿಗೆ ಇಲ್ಲಿ ಪ್ರಯೋಜನವೇನೆಂದರೆ: ಕನ್ನಡದ ಕ್ರೈಸ್ತವಾಙ್ಮಯವನ್ನು ನಾವು ೧೮೩೧ರಲ್ಲಿ ಮುಗಿದ ಬೈಬಲಿನ ಅನುವಾದದಿಂದಲೋ ೧೮೪೩ರ ಮಂಗಳೂರು ಸಮಾಚಾರದಿಂದಲೋ ಆರಂಭಿಸುವುದು ರೂಢಿ. ಆದರೆ ಹದಿನೇಳನೆಯ ಶತಮಾನದಲ್ಲೇ ಶ್ರೀರಂಗಪಟ್ಟಣದಲ್ಲಿ ಚಿನ್ನಾಮಿ ಪಾದ್ರಿಯು ಕನ್ನಡವನ್ನು ಕಲಿತು ವ್ಯಾಕರಣವನ್ನು ರಚಿಸಿದನು. ಮುದಗಲ್ಲಿನ ಸಭೆಯು ಅದಕ್ಕೂ ಹಿಂದಿನದು. ಪಾದ್ರಿ, ಇಗರ್ಜಿ ಎಂಬ ಶಬ್ದಗಳು ಪೋರ್ತುಗೀಜಿನಿಂದ ಬಂದುವು. ದೀಕ್ಷಾಸ್ನಾನ, ಸುವಾರ್ತೆ ಎಂಬವು ಸಂಸ್ಕೃತದಿಂದ ಘಟಿತವಾದುವು. ಮೊದಲಿನವು ಕೇಳಿ ಕಲಿತವು, ಎರಡನೆಯವು ಓದಿ ಕಟ್ಟಿದವು. ಒಂದೇ ಮತದ ಎರಡು ಕಾಲಗಳು ಹೀಗೆ ನಮ್ಮ ನುಡಿಯಲ್ಲಿಯೇ ಪದರಪದರವಾಗಿ ನಿಂತಿವೆ.

ಸಭೆಗಳ ಜ್ಞಾನಸ್ನಾನ-ವಿವಾಹಗಳ ದಫ್ತರಗಳನ್ನೂ, ಗೋರಿಗಲ್ಲುಗಳ ಬರಹಗಳನ್ನೂ, ಮುದುಕಿಯರ ಬಾಯಲ್ಲಿರುವ ಹಾಡುಗಳನ್ನೂ ಶಾಸನಗಳಷ್ಟೇ ಆದರದಿಂದ ಸಂಗ್ರಹಿಸಬೇಕು. ಮಸ್ಕಿಯ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾದಿತ್ತು. ಕಾಗದವೂ ಕಂಠವೂ ಅಷ್ಟು ಕಾಯಲಾರವು.